ಗೋಂದತ್ತೆಯ ಗೋಡೆ

ನಮ್ಮ ಗೆಸ್ಟ್‌ಹೌಸಿನ ಹಜಾರದಲ್ಲಿ, ಮೆಟ್ಟಿಲ ಬುಡದ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಗಾರೆ ಕುಸಿದ ಗುಳಿಗಳಿವೆ. ಗುಳಿಗಳ ಅಂಚಿನಲ್ಲಿ ಹಳೆಯ ಕಾಗದದ ಪದರಗಳು ಒಂದರ ಕೆಳಗೊಂದು ಇಣುಕುತ್ತವೆ. ಮೇಲೆ ಹಕ್ಕಿ, ಅದರ ಕೆಳಗೆ ದಾಳಿಂಬೆ, ಅದರ ಕೆಳಗೆ ಕೊಡೆ, ಇನ್ನೂ ಕೆಳಗೆ ಮೀನು. ಬಂದವರು ಗುಳಿಯೊಳಗೆ ಅಂಗೈ ಇಟ್ಟು ನೋಡುತ್ತಾರೆ, ತಮ್ಮ ಮನೆಯಲ್ಲೂ ಹೀಗೇ ಮಾಡಿಸಬೇಕು ಅನ್ನುತ್ತಾರೆ. ಆಮೇಲೆ ಮುಂಗೋಣೆಯ ಅಂಗಡಿಗೆ ನುಗ್ಗಿ ಅದೇ ಚಿತ್ರಗಳಿರುವ ಲಕೋಟೆ, ನೋಟುಬುಕ್ಕು, ಉಡುಗೊರೆ ಡಬ್ಬಿ, ಲ್ಯಾಂಪ್‌ಶೇಡುಗಳನ್ನು ಬಾಚಿಕೊಳ್ಳುತ್ತಾರೆ. ಅಲ್ಲಿ ಕೂತು ಕಾಗದ ಕತ್ತರಿಸುವ ನಮ್ಮ ಅತ್ತೆಯನ್ನು, ಇದಕ್ಕೆಲ್ಲ ನಿಮಗೆ ಸ್ಫೂರ್ತಿ ಎಲ್ಲಿಂದ ಎಂದು ಕೇಳುತ್ತಾರೆ. ಅತ್ತೆ ತಲೆ ಎತ್ತದೆ, "ಗೋಡೆಯಿಂದ" ಅನ್ನುತ್ತಾಳೆ. ಅವರು ಹಲ್ಲು ಬಿಟ್ಟು ನಗುತ್ತಾರೆ. ಕೌಂಟರಿನಲ್ಲಿ ಕೂತ ನಾನು ಬೀಗದಕೈ ಕೊಟ್ಟು ಸುಮ್ಮನಿರುತ್ತೇನೆ. ಇವತ್ತು ಸುಮ್ಮನಿರಲು ಮನಸ್ಸಿಲ್ಲ.

ಗೋಂದತ್ತೆ ನನ್ನ ಅಪ್ಪನ ತಂಗಿ. ಬೀದಿಯವರೆಲ್ಲ ಕರೆಯುವುದು ಹಾಗೆಯೇ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು, ತಲೆಗೂದಲಲ್ಲಿ ಕಾಗದದ ಚೂರು. ಕುಳ್ಳಿ, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಯಾರಾದರೂ ಕಾಗದವನ್ನು ಅಡ್ಡಾದಿಡ್ಡಿ ಮಡಚಿದರೆ ಕೈಯಿಂದ ಕಿತ್ತುಕೊಂಡು ತಾನೇ ಮಡಚಿ ಕೊಡುತ್ತಾಳೆ, ಗಿರಾಕಿ ಆದರೂ ಅಷ್ಟೇ, ದೊಡ್ಡ ಮನುಷ್ಯ ಆದರೂ ಅಷ್ಟೇ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ನಮ್ಮ ಮನೆಯಲ್ಲಿ ಒಂದು ಮದುವೆ ನೋಡಿದ್ದೇನೆ, ಸಾಕು ಎಂದು ಹೇಳಿ ಕತ್ತರಿ ಕೈಗೆತ್ತಿಕೊಳ್ಳುತ್ತಾಳೆ.

ಅವಳು ನೋಡಿದ ಮದುವೆ ನನ್ನ ಅಜ್ಜ ಅಜ್ಜಿಯದು. ಈ ಗೆಸ್ಟ್‌ಹೌಸ್ ಶುರು ಮಾಡಿದವನು ಅಜ್ಜ. ಊರಿಗೆಲ್ಲ ಬಹಳ ಒಳ್ಳೆಯವನು. ಅತಿಥಿಗಳ ಪೆಟ್ಟಿಗೆಗಳನ್ನು ತಾನೇ ಹೊರುತ್ತಿದ್ದ, ಅವರ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಅತಿಥಿಗಳು ಮಹಡಿ ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಅವನ ಇನ್ನೊಂದು ಮುಖ ಹೊರಗೆ ಬರುತ್ತಿತ್ತು. ದನಿ ಏರಿಸುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅಜ್ಜಿಯ ಕತ್ತಿನ ಹಿಂಭಾಗ ಹಿಡಿದು ಮೆಟ್ಟಿಲ ಬುಡದ ಗೋಡೆಗೆ ಚಚ್ಚುತ್ತಿದ್ದ. ಇಸ್ತ್ರಿಪೆಟ್ಟಿಗೆ, ಸ್ಟೂಲು, ಬಾಗಿಲಿಗೆ ಆನಿಸುವ ಕಲ್ಲು, ಕೈಗೆ ಸಿಕ್ಕಿದ್ದನ್ನು ಬೀಸುತ್ತಿದ್ದ. ಅವಳು ತಪ್ಪಿಸಿಕೊಂಡರೆ ಪೆಟ್ಟು ಗೋಡೆಗೆ, ತಪ್ಪಿಸಿಕೊಳ್ಳದಿದ್ದರೆ ಇಬ್ಬರಿಗೂ. ಮುಗಿದ ಮೇಲೆ ಒಂದೇ ಮಾತು ಹೇಳುತ್ತಿದ್ದನಂತೆ, "ಜನ ಇಳಿಯೋ ಹೊತ್ತಿಗೆ ಗೋಡೆ ಸರಿ ಇರಬೇಕು."

ಅದು ಆ ಮನೆಯ ಕಟ್ಟಳೆ. ಅಜ್ಜಿ ಮುಖ ತೊಳೆದು, ಗಾಯಕ್ಕೆ ಬಟ್ಟೆ ಸುತ್ತಿಕೊಂಡು, ಒಲೆಯ ಮೇಲೆ ಮೈದಾ ಅಂಟು ಕಾಯಿಸಲು ಇಡುತ್ತಿದ್ದಳು. ಹುಳ ಹತ್ತದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ. ಒಡೆದ ಕಡೆ ಗಾರೆ ಮೆತ್ತಿ ಅಷ್ಟಗಲಕ್ಕೆ ಮಾತ್ರ ಕಾಗದ ಹಚ್ಚಿದರೆ ತೇಪೆ ಕಣ್ಣಿಗೆ ಹೊಡೆಯುತ್ತದೆ. ಹಳೆಯ ಕಾಗದ ಬಿಸಿಲಿಗೆ ಬಣ್ಣ ಬಿಟ್ಟಿರುತ್ತದೆ, ಹೊಸದು ಅದಕ್ಕೆ ಏನು ಮಾಡಿದರೂ ಹೊಂದುವುದಿಲ್ಲ. ಹಾಗಾಗಿ ಪೂರ್ತಿ ಗೋಡೆಗೆ ಹೊಸ ಕಾಗದವೇ ಆಗಬೇಕು. ಹೊಸ ಕಾಗದ ಅಂದಮೇಲೆ ಹೊಸ ಚಿತ್ರ, ಇಲ್ಲದಿದ್ದರೆ ಮೊನ್ನೆ ಇದ್ದ ಚಿತ್ರವೇ ಇವತ್ತು ಇಷ್ಟು ಹೊಳೆಯುವುದು ಯಾಕೆ ಎಂದು ಯಾರಾದರೂ ಕೇಳಬಹುದು. ಅಜ್ಜಿ ರಟ್ಟಿನಲ್ಲಿ ಚಿತ್ರದ ಆಕಾರ ಕತ್ತರಿಸಿ, ಬಿಳಿ ಕಾಗದದ ಮೇಲಿಟ್ಟು, ಬಟ್ಟೆಯುಂಡೆಯಿಂದ ಬಣ್ಣ ಒತ್ತುತ್ತಿದ್ದಳು. ಬೆಳಗ್ಗೆ ತಿಂಡಿಗೆ ಇಳಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನಿಮ್ಮ ಮನೆಯಾಕೆಯ ಕೈಯಲ್ಲಿ ಎಂಥ ಕಲೆ ಇದೆ ಎಂದು ಅಜ್ಜನ ಬೆನ್ನು ತಟ್ಟುತ್ತಿದ್ದರು. ಅವರೆಲ್ಲ ಕಿವುಡರೇನಲ್ಲ. ಮಹಡಿಯ ಕೋಣೆಗೆ ಗೋಡೆಯ ಸದ್ದು ಹೇಗೆ ಕೇಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

ಆಗ ಗೋಂದತ್ತೆ ಚಿಕ್ಕವಳು. ಅಂಟು ಕುದಿಯುವಾಗ ಅಜ್ಜಿ ಅವಳನ್ನು ಎತ್ತಿ ಮೇಜಿನ ಮೇಲೆ ಕೂರಿಸಿ, "ಯಾವ ಚಿತ್ರ ಬೇಕು ಹೇಳು ಕಂದಾ" ಎಂದು ಕೇಳುತ್ತಿದ್ದಳು. ಇವಳು ಮೀನು ಅಂದರೆ ಮೀನು, ಕೊಡೆ ಅಂದರೆ ಕೊಡೆ. ಹಗಲಿಡೀ ಅತಿಥಿಗಳ ಹಿಂದೆ ಓಡುವ ತಾಯಿ ಆ ಹೊತ್ತಿನಲ್ಲಿ ಮಾತ್ರ ಮಗಳಿಗೆ ಪೂರ್ತಿ ಸಿಗುತ್ತಿದ್ದಳು. ಕತ್ತರಿ ಹಿಡಿಯುವುದನ್ನು, ಗುಳ್ಳೆ ಏಳದ ಹಾಗೆ ಕಾಗದ ಸವರುವುದನ್ನು ಅತ್ತೆ ಕಲಿತದ್ದು ಅಲ್ಲೇ. ಎಷ್ಟೋ ವರ್ಷಗಳ ಮೇಲೆ ಲಕೋಟೆ ಅಂಟಿಸುತ್ತ ಕೂತಿದ್ದಾಗ ನನಗೆ ಹೇಳಿದಳು, "ಹೊಸ ಚಿತ್ರ ಬೇಕು ಅನ್ನಿಸಿದಾಗ ಅಪ್ಪ ಯಾವಾಗ ಹೊಡೀತಾನೋ ಅಂತ ಕಾಯ್ತಿದ್ದೆ ಕಣೇ."

ಅಜ್ಜಿ ಹೋದಳು, ಅವಳ ಹಿಂದೆ ಅಜ್ಜನೂ ಹೋದ. ಮನೆ ಅಣ್ಣ ತಂಗಿ ಇಬ್ಬರ ಪಾಲಿಗೆ ಬಂತು. ಅತ್ತೆ ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಹಿಡಿದು ಕಾಗದದ ಡಬ್ಬಿ, ಲ್ಯಾಂಪ್‌ಶೇಡು ಮಾಡಿಕೊಂಡು ಬದುಕಿದಳು. ಅಪ್ಪ ಗೆಸ್ಟ್‌ಹೌಸನ್ನು ಹಾಳುಗೆಡವಿದ. ಕಿಟಕಿಗಳಿಗೆ ಪ್ಲೈವುಡ್ ಬಡಿದ, ಕೆತ್ತನೆಯ ಕಂಬಗಳಿಗೆ ಹಸಿರು ಆಯಿಲ್ ಪೇಂಟ್ ಬಳಿದ. ಅಜ್ಜನಿಂದ ಬಂದದ್ದರಲ್ಲಿ ಅವನು ಕೆಡಿಸದೆ ಉಳಿಸಿಕೊಂಡದ್ದು ಹೊಡೆಯುವ ಕೈಯೊಂದೇ. ಅಮ್ಮನ ಮಣಿಕಟ್ಟು ಮುರಿದಾಗ, ಹುಬ್ಬು ಹರಿದಾಗ, ಪ್ರಜ್ಞೆ ತಪ್ಪಿದಾಗ ಆಸ್ಪತ್ರೆಯಲ್ಲಿ, ನಮ್ಮ ಮೆಟ್ಟಿಲು ಸ್ವಲ್ಪ ಜಾರುತ್ತೆ ಡಾಕ್ಟ್ರೇ ಎಂದು ನಗುತ್ತ ಹೇಳುತ್ತಿದ್ದ. ಡಾಕ್ಟರೂ ನಗುತ್ತ ಹಾಗೇ ಬರೆದುಕೊಳ್ಳುತ್ತಿದ್ದರು. ಪ್ರಜ್ಞೆ ತಪ್ಪಿದ ಸಲ ಮಾತ್ರ ಅವರು ನಗಲಿಲ್ಲ. ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಈಕೆ ಉಳಿಯುವುದು ಕಷ್ಟ, ಮೆಟ್ಟಿಲಿಗೆ ಕಂಬಿ ಹಾಕಿಸಿ ಅಂದರು. ಅಪ್ಪ ಕಂಬಿ ಹಾಕಿಸಿದ. ಹಿತ್ತಾಳೆಯ ಚಂದದ ಕಂಬಿ, ಬಂದವರಿಗೆಲ್ಲ ತೋರಿಸುತ್ತಿದ್ದ.

ಅಷ್ಟರಲ್ಲಿ ಹಳೆಯ ಮನೆಗಳ ಶೋಕಿ ಹುಟ್ಟಿಕೊಂಡಿತ್ತು. ಜನ ಹೊಸ ಹೋಟೆಲು ಬಿಟ್ಟು ಹಳೆ ಕಿಟಕಿ, ಹಳೆ ಹಾಸಿಗೆಮಂಚ ಹುಡುಕಿಕೊಂಡು ಹೋಗುತ್ತಿದ್ದರು. ಅಪ್ಪ ತಂಗಿಯ ಬಾಗಿಲಿಗೆ ಹೋಗಿ, ಮನೆಯನ್ನು ಮೊದಲಿದ್ದ ಹಾಗೆ ಮಾಡಿಕೊಡು ಎಂದು ಗೋಗರೆದ. ಅವಳು ಮೊದಲು ಬಾಗಿಲನ್ನೇ ತೆರೆಯಲಿಲ್ಲವಂತೆ. ಆಮೇಲೆ ಅತ್ತಿಗೆ ಹೇಗಿದ್ದಾಳೆ ಎಂದು ಒಳಗಿನಿಂದಲೇ ಕೇಳಿದಳು. ಮೆಟ್ಟಿಲ ಮೇಲೆ ಜಾರಿಬಿದ್ದಳು, ಈಗ ಪರವಾಗಿಲ್ಲ ಅಂದ. ಆ ಮೆಟ್ಟಿಲ ಮಾತನ್ನು ಅತ್ತೆ ತನ್ನಪ್ಪನ ಬಾಯಲ್ಲಿ ಕೇಳಿ ಬೆಳೆದವಳು. ಮಾರನೆಯ ದಿನವೇ ಕತ್ತರಿ, ಬ್ರಷ್ಷು, ಅಗಲ ಬಾಯಿಯ ಕೆರೆಯುವ ಚಾಕು ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಿಳಿದಳು. ಹಾಸಿಗೆ ಹಾಸಿದ್ದು ಅಮ್ಮನ ಕೋಣೆಯಲ್ಲಿ, ಬಾಗಿಲಿಗೆ ಅಡ್ಡವಾಗಿ.

ಅಮ್ಮನಿಗೆ ಆ ಇನ್ನೊಂದು ಪೆಟ್ಟು ಬೀಳದಂತೆ ನೋಡಿಕೊಳ್ಳುವುದೇ ಅವಳ ನಿಜವಾದ ಕೆಲಸವಾಗಿತ್ತು. ಮನೆ ರಿಪೇರಿ ಅದಕ್ಕೊಂದು ನೆಪ. ಆದರೂ ಆ ನೆಪದ ಕೆಲಸವನ್ನು ಅವಳು ಮಾಡಿದ ಚಂದ ನೋಡಬೇಕಿತ್ತು. ಕಂಬಗಳ ಆಯಿಲ್ ಪೇಂಟನ್ನು ಉಗುರಿನಿಂದ ಎಂಬಂತೆ ಬಿಡಿಸಿದಳು. ಮುರಿದ ಕಿಟಕಿಗೆ ಮುರಿದ ಬೀರುವಿನ ಮರ ಕೂಡಿಸಿದಳು. ಹಜಾರದ ಗೋಡೆಗೆ ಒದ್ದೆ ಬಟ್ಟೆ ಹಚ್ಚಿ, ಕೆಟಲಿನ ಹಬೆ ಹಿಡಿದು, ಪದರ ಪದರವಾಗಿ ಒಂದು ಮೂಲೆಯಿಂದ ಬಿಡಿಸುತ್ತ ಹೋದಳು. ಪ್ರತಿ ಚಿತ್ರವನ್ನೂ ತೆಳು ಕಾಗದದ ಮೇಲೆ ಎತ್ತಿಕೊಂಡಳು. ಇವುಗಳಿಂದ ಲಕೋಟೆ ಮಾಡೋಣ, ನೋಟುಬುಕ್ಕಿನ ರಟ್ಟಿಗೆ ಹಾಕೋಣ ಎಂದು ಅಮ್ಮನಿಗೆ ತೋರಿಸುತ್ತಿದ್ದಳು. ದಾಳಿಂಬೆಯ ಹಾಳೆಯ ಹಿಂದೆ ಒಣಗಿದ ಅಂಟಿನಲ್ಲಿ ಉದ್ದನೆಯ ಕೂದಲೆಳೆಗಳು ಸಿಕ್ಕವು. ಅತ್ತೆ ಅವನ್ನು ಮುಟ್ಟಿ ನೋಡಿ, ಆ ಮೂಲೆಯನ್ನು ಹಾಗೇ ಬಿಟ್ಟು, ಗೋಡೆಯ ಉಳಿದ ಪದರಗಳ ಮೇಲೆಯೇ ಹಕ್ಕಿಗಳ ಚಿತ್ರದ ಕಾಗದ ಹಚ್ಚಿಬಿಟ್ಟಳು. ಹಕ್ಕಿ ಅಜ್ಜಿ ಕತ್ತರಿಸಿದ ಕೊನೆಯ ಚಿತ್ರ, ಗೋಡೆಗೆ ಏರದೆ ರಟ್ಟಿನಲ್ಲೇ ಉಳಿದಿತ್ತು.

ಅವಳು ಬಂದ ಮೇಲೆ, ಕೆಲಸ ನಡೆದಷ್ಟು ದಿನ ಅಪ್ಪ ಕೈ ಎತ್ತಲಿಲ್ಲ. ನಮಗೆಲ್ಲ ಧೈರ್ಯ ಬಂತು. ಅಮ್ಮ ಕೆಲಸದ ನಡುವೆ ಏನೋ ಗುನುಗುವುದನ್ನು ನಾನು ಕೇಳಿದೆ.

ಗೆಸ್ಟ್‌ಹೌಸಿನ ಬಾಗಿಲು ಮತ್ತೆ ತೆರೆಯುವ ಹಿಂದಿನ ದಿನ ಪತ್ರಿಕೆಯವರು ಬಂದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಅವರನ್ನು ಕೋಣೆ ಕೋಣೆ ಸುತ್ತಿಸಿದ. ಈ ಚಿತ್ರಗಳೆಲ್ಲ ಯಾರ ಕಲ್ಪನೆ ಎಂದು ಕೇಳಿದಾಗ, ಎಲ್ಲ ನನ್ನದೇ, ಚಿಕ್ಕಂದಿನಿಂದ ನನಗೆ ಇದರ ಹುಚ್ಚು ಅಂದ. ಕಾಫಿ ತಂದ ಅಮ್ಮ ಬಟ್ಟಲು ಇಡುತ್ತ, ಬಹಳ ಮೆತ್ತಗೆ, ಇವೆಲ್ಲ ಇವರ ತಾಯಿಯವರದು, ಈಗ ನಾದಿನಿ ಮಾಡಿದ್ದು ಅಂದಳು. ಪತ್ರಿಕೆಯವರು ಅದನ್ನೇ ಬರೆದುಕೊಂಡರು. ಅಪ್ಪ ಅವರನ್ನು ಗೇಟಿನವರೆಗೆ ಕಳಿಸಿ, ಕೈ ಬೀಸಿ, ನಗುಮುಖದಲ್ಲೇ ಒಳಗೆ ಬಂದ. ಬಂದವನೇ ಅಮ್ಮನ ಜುಟ್ಟು ಹಿಡಿದ. ಅತ್ತೆ ಹಜಾರದ ಆ ಕೊನೆಯಲ್ಲಿ ಏಣಿಯ ಮೇಲಿದ್ದಳು. ಅವಳು ಇಳಿಯುವಷ್ಟರಲ್ಲಿ ಅಮ್ಮನ ತಲೆ ಎರಡು ಸಲ ಗೋಡೆಗೆ ಬಡಿದಾಗಿತ್ತು. ಮೊದಲ ಪೆಟ್ಟಿಗೆ ಗಾರೆ ಬಿರಿಯಿತು, ಎರಡನೆಯದಕ್ಕೆ ಒಳಗೆ ಕುಸಿಯಿತು. ಹೊಸ ಕಾಗದ ಹರಿದು ಹಕ್ಕಿಗಳ ಮೇಲೆ ರಕ್ತ ಚಿಮ್ಮಿತು. ಅಮ್ಮ ಗೋಡೆಗೆ ಒರಗಿದಂತೆಯೇ ಜಾರಿ ಕೆಳಗೆ ಕೂತಳು. ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು.

ಅಪ್ಪ ತನ್ನ ಅಂಗಿಯ ತೋಳು ನೋಡಿಕೊಂಡ. ಕಲೆಯಾಗಿತ್ತು. ದನಿ ಏರಿಸದೆ, ಥೇಟ್ ಅಜ್ಜನ ಹಾಗೆ ಹೇಳಿದ, "ನಾಳೆ ಜನ ಬರ್ತಾರೆ. ಗೋಡೆ ಸರಿ ಮಾಡು." ಕೈ ತೊಳೆಯಲು ಹಿತ್ತಲಿಗೆ ಹೋದ.

ಮುಂದಿನದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ನನಗೆ ಹಾಲುಹಲ್ಲು ಕೂಡ ಪೂರ್ತಿ ಬಿದ್ದಿರಲಿಲ್ಲ. ಅತ್ತೆ ಅಮ್ಮನ ಬಳಿಗೆ ಹೋಗಲಿಲ್ಲ. ನೆಟ್ಟಗೆ ಮೂಲೆಯ ಸ್ಟೋವ್ ಹತ್ತಿರ ಹೋಗಿ ಹಚ್ಚಿದಳು. ಪಾತ್ರೆಗೆ ನೀರು ಹಾಕಿದಳು, ಮೈದಾ ಕದಡಿದಳು, ಗಂಟಾಗದ ಹಾಗೆ ಕೈಯಾಡಿಸಿದಳು, ಚಿಟಿಕೆ ಮೈಲುತುತ್ತ ಉದುರಿಸಿದಳು. ಕಣ್ಣು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ತಿರುಗುತ್ತಿತ್ತು. ಅಂಟು ಗುಳುಗುಳು ಕುದಿಯತೊಡಗಿದಾಗ ನನ್ನನ್ನು ಕಂಕುಳಲ್ಲಿ ಎತ್ತಿ ಮೇಜಿನ ಮೇಲೆ ಕೂರಿಸಿದಳು. ಅಷ್ಟು ಪ್ರೀತಿಯ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಯಾವ ಚಿತ್ರ ಬೇಕು ಹೇಳು ಕಂದಾ?"

ನಾನು ಮೀನು ಅಂದೆ. ಯಾವ ಮಗುವಾದರೂ ಏನಾದರೊಂದು ಹೇಳುತ್ತದೆ.

ನೆಲದ ಮೇಲಿಂದ ಅಮ್ಮ ಕಷ್ಟಪಟ್ಟು ತಲೆ ಎತ್ತಿದಳು. "ಪುಟ್ಟೀ, ಮೇಜಿಂದ ಇಳಿ" ಅಂದಳು.

ಅತ್ತೆಯ ಕೈ ನಿಂತಿತು. ಅವಳು ಪಾತ್ರೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅಮ್ಮನ ಕಿವಿ ನೋಡಿದಳು. ಗಂಟಲಿನಿಂದ ಒಂದು ಥರದ ಸದ್ದು ಬಂತು, ವಾಂತಿ ಬಂದವರ ಹಾಗೆ. ಅಷ್ಟರಲ್ಲಿ ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಇನ್ನೂ ಶುರು ಮಾಡಿಲ್ಲವಾ ಎಂದು ಅವಳನ್ನು ಗದರಿ, ಸಾಕು ನಾಟಕ, ಏಳು ಎಂದು ಅಮ್ಮನ ಜುಟ್ಟಿಗೆ ಮತ್ತೆ ಕೈ ಹಾಕಿದ. ಅವಳ ತಲೆಯನ್ನು ಗೋಡೆಯ ಕಡೆ ತಿರುಗಿಸಿದ.

ಅತ್ತೆ ಬರಿಗೈಯಲ್ಲೇ ಪಾತ್ರೆ ಎತ್ತಿ ಅವನ ಮೇಲೆ ಸುರಿದಳು.

ಕುದಿಯುವ ನೀರಾದರೆ ಹರಿದುಹೋಗುತ್ತದೆ. ಅಂಟು ಹರಿಯುವುದಿಲ್ಲ, ಬಿದ್ದ ಕಡೆ ಕೂರುತ್ತದೆ. ಕಿವಿಯ ಮೇಲೆ, ಕತ್ತಿನ ಮೇಲೆ, ಅಂಗಿಯ ಒಳಗೆ ಇಳಿದು ಅಲ್ಲೇ ಹಿಡಿದುಕೊಂಡು ಬೇಯಿಸಿತು. ಅವನು ಕೈಯಿಂದ ಒರೆಸಲು ಹೋದ, ಕೈಗೂ ಹತ್ತಿತು. ಕಿತ್ತುಕೊಂಡಾಗ ಅಂಟಿನ ಜೊತೆ ಚರ್ಮವೂ ಬಂತು. ದನಿ ಏರಿಸದ ಆ ಮನುಷ್ಯ ಅವತ್ತು ಬೀದಿಯ ಕೊನೆಯವರೆಗೆ ಕೇಳುವಂತೆ ಅರಚಿದ. ಅರಚುತ್ತಲೇ ಸ್ಟೂಲು ಎತ್ತಿಕೊಂಡು ತಂಗಿಯ ಮೇಲೆ ಬಂದ. ಮೊದಲ ಏಟು ಅವಳ ಭುಜಕ್ಕೆ ಬಿತ್ತು, ಮೂಳೆ ಮುರಿದ ಸದ್ದು ನನಗೆ ಕೇಳಿತು. ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಅವಳು ಕೆರೆಯುವ ಚಾಕುವಿನಿಂದ ಅವನ ಮುಂಗೈ ಸೀಳಿದ್ದಳು. ಸ್ಟೂಲು ಬಿತ್ತು. ಅವನೂ ಮೊಣಕಾಲೂರಿದ. ಚಾಕುವಿನ ಬಾಯಿಯನ್ನು ಅವನ ಗಂಟಲಿನ ಹತ್ತಿರ ಹಿಡಿದು ಅವಳು ಹೇಳಿದ್ದು ಇಷ್ಟೇ, "ಇನ್ನು ಈ ಗೋಡೆ ಸರಿ ಮಾಡಲ್ಲ ಅಣ್ಣ."

ಅರಚಾಟಕ್ಕೆ ಓಡಿಬಂದ ಅಕ್ಕಪಕ್ಕದವರು ಮೂವರನ್ನೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಅದೇ ಡಾಕ್ಟರು, ಈಗ ಬಾಗಿಲಲ್ಲಿ ಒಬ್ಬರು ಪೊಲೀಸಿನವರು. ಅಮ್ಮನಿಗೆ ಎರಡು ದಿನ ಪೂರ್ತಿ ಎಚ್ಚರವಿರಲಿಲ್ಲ. ಉಳಿಯುತ್ತಾಳೋ ಇಲ್ಲವೋ ಎಂದು ಯಾರೂ ಹೇಳುತ್ತಿರಲಿಲ್ಲ. ಉಳಿದಳು. ಬಲಗಿವಿ ಮಾತ್ರ ಶಾಶ್ವತವಾಗಿ ಹೋಯಿತು. ಕಣ್ಣು ಬಿಟ್ಟ ಮೇಲೆ ಪೊಲೀಸಿನವರು ಮಂಚದ ಪಕ್ಕ ಕೂತು, ನಿಮ್ಮ ಯಜಮಾನರ ಮೈ ಹೇಗೆ ಸುಟ್ಟಿತು, ಕೈ ಹೇಗೆ ಹರಿಯಿತು ಎಂದು ಕೇಳಿದರು.

"ಮೆಟ್ಟಿಲ ಮೇಲೆ ಜಾರಿಬಿದ್ರು" ಅಂದಳು ಅಮ್ಮ. "ಕೈಯಲ್ಲಿ ಅಂಟಿನ ಪಾತ್ರೆ ಇತ್ತು. ನಮ್ಮ ಮೆಟ್ಟಿಲು ಸ್ವಲ್ಪ ಜಾರುತ್ತೆ, ಡಾಕ್ಟ್ರಿಗೆ ಗೊತ್ತು."

ಡಾಕ್ಟರ ಮುಖ ಕೆಂಪಾಯಿತು. ಅಷ್ಟು ವರ್ಷ ಪ್ರಶ್ನೆ ಕೇಳದೆ ಬರೆದುಕೊಂಡವರು ಈಗ ಯಾವ ಬಾಯಿಂದ ಕೇಳುತ್ತಾರೆ, ತಲೆ ತಗ್ಗಿಸಿ ಹಾಗೇ ಬರೆದರು. ಪಕ್ಕದ ವಾರ್ಡಿನಲ್ಲಿ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಅಪ್ಪನನ್ನೂ ಕೇಳಿದರು. ಅಷ್ಟು ವರ್ಷ ತಾನೇ ಹೇಳಿಕೊಂಡು ಬಂದ ಮಾತು, ಅದನ್ನು ಒಡೆದರೆ ಹಿಂದಿನದೆಲ್ಲ ಹೊರಗೆ ಬರುತ್ತದೆ. ಹೌದು, ಜಾರಿಬಿದ್ದೆ ಅಂದ. ಈ ಒಂದು ವಿಷಯಕ್ಕೆ ನಾನು ಇವತ್ತಿಗೂ ನಗುತ್ತೇನೆ, ನಗಬಾರದು ಅನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಗೋಂದತ್ತೆ ಆಸ್ಪತ್ರೆಯಲ್ಲಿ ಉಳಿಯಲಿಲ್ಲ. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು, ನನ್ನ ಕೈ ಹಿಡಿದುಕೊಂಡು ಮಾರನೆಯ ಬೆಳಗ್ಗೆಯೇ ಮನೆಗೆ ಬಂದಳು. ಅತಿಥಿಗಳು ಬರುವವರಿದ್ದರು. ಸರಿಯಿದ್ದ ಒಂದು ಕೈಯಿಂದ ಗೋಡೆಯ ಕಾಗದ ಹರಿದಳು. ಹಕ್ಕಿ, ದಾಳಿಂಬೆ, ಕೊಡೆ, ಹಿಡಿಗೆ ಸಿಕ್ಕಷ್ಟನ್ನು ಕಿತ್ತಳು. ಅಜ್ಜಿ ಮೆತ್ತಿದ್ದ ಗಾರೆಯ ತೇಪೆಗಳನ್ನೂ ಚಾಕುವಿನಿಂದ ಮೀಟಿ ಉದುರಿಸಿದಳು. ಎಲ್ಲ ಗುಳಿಗಳೂ ಬಾಯಿ ತೆರೆದುಕೊಂಡು ನಿಂತವು. ಅವುಗಳ ನಡುವೆ, ಕೆಳಗೆ ನೆಲದ ಮೇಲೆ, ಅಮ್ಮನ ರಕ್ತದ ಕಲೆ ಹಾಗೇ ಇತ್ತು. ಬಾಗಿಲು ತೆರೆದು ಅತಿಥಿಗಳನ್ನು ಒಳಗೆ ಕರೆದಳು. ಯಾರು ಯಾರನ್ನು ಎಲ್ಲಿ ಹೊಡೆದರು ಎಂದು, ಕೋಣೆ ತೋರಿಸುವವರು ಹೇಳುವ ದನಿಯಲ್ಲಿ ಹೇಳಿದಳು. ಅನೇಕರು ಪೆಟ್ಟಿಗೆ ಎತ್ತಿಕೊಂಡು ಬಂದ ದಾರಿ ಹಿಡಿದರು. ಒಬ್ಬಾಕೆ ಮಾತ್ರ ಚೀಲ ಕೆಳಗಿಟ್ಟು ಬಕೆಟ್ ಎಲ್ಲಿದೆ ಎಂದು ಕೇಳಿ, ನೆಲ ಒರೆಸಿ, ಆಮೇಲೆ ಮಹಡಿ ಹತ್ತಿದಳು.

ಅಪ್ಪ ವಾಸಿಯಾದ ಮೇಲೆ ಒಂದು ಸಲ ಬಂದ. ಅಷ್ಟರಲ್ಲಿ ಅತ್ತೆ ಸ್ಟೋವನ್ನು ಮುಂಬಾಗಿಲ ಪಕ್ಕಕ್ಕೆ ತಂದಿದ್ದಳು. ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಅಂಟು ಸಣ್ಣಗೆ ಕುದಿಯುತ್ತಿತ್ತು. ಅವನು ಗೇಟು ತೆಗೆದು ನಾಲ್ಕು ಹೆಜ್ಜೆ ಬಂದ. ಅಂಟಿನ ವಾಸನೆ ಮೂಗಿಗೆ ಹೋಯಿತು. ಕೈ ತಾನಾಗಿ ಕತ್ತಿನ ಸುಟ್ಟ ಗಾಯಕ್ಕೆ ಹೋಯಿತು. ಬಾಲ ಮುದುರಿಕೊಂಡು ಹೋದವನು ಮತ್ತೆ ಬರಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಇದ್ದಾನಂತೆ, ಇರಲಿ. ಪಾತ್ರೆ ಇವತ್ತಿಗೂ ಅಲ್ಲೇ ಕುದಿಯುತ್ತದೆ. ಅಂಟು ಮನೆಯಲ್ಲೇ ಕಾಯಿಸುತ್ತೀರಾ, ಎಷ್ಟು ಮುದ್ದಾಗಿದೆ ಎಂದು ಅತಿಥಿಗಳು ಅದರದ್ದೂ ಫೋಟೋ ತೆಗೆಯುತ್ತಾರೆ.

ವರ್ಷಗಳು ಕಳೆದ ಹಾಗೆ ಗೋಡೆಯ ಕಥೆ ಕೇಳುವವರು ಕಡಿಮೆಯಾದರು, ಅದರ ಚಂದ ನೋಡುವವರು ಹೆಚ್ಚಾದರು. ಅಂಗಡಿಗೆ ಹೆಸರು ಬಂತು. ದೊಡ್ಡ ದೊಡ್ಡ ಹೋಟೆಲಿನವರು ಬಂದು ತಮಗೊಂದು ಹೊಸ ಚಿತ್ರ ಮಾಡಿಕೊಡಿ ಎಂದು ದುಂಬಾಲು ಬಿದ್ದರು. ಅತ್ತೆ ಒಪ್ಪಲಿಲ್ಲ. ಹಳೆಯ ಮೀನಿಗೆ ಹೊಸ ಬಣ್ಣ ಹಾಕಿ ಕೊಡುತ್ತಿದ್ದಳು, ಅಷ್ಟೇ. ಎಲ್ಲರೂ ಅವಳಿಗೆ ಜಂಬ ಅಂದುಕೊಂಡರು. ನಾನೊಮ್ಮೆ ಅವಳು ಒಬ್ಬಳೇ ಇದ್ದಾಗ ನೋಡಿದ್ದೇನೆ. ಖಾಲಿ ರಟ್ಟು ಮುಂದಿಟ್ಟುಕೊಂಡು, ಕತ್ತರಿ ಹಿಡಿದು ಕೂತಿದ್ದಳು. ಒಂದು ಗೆರೆಯನ್ನೂ ಕತ್ತರಿಸಿರಲಿಲ್ಲ. ಹಣೆ ಬೆವರಿತ್ತು. ಸ್ವಲ್ಪ ಹೊತ್ತಿಗೆ ಕತ್ತರಿ ಬಿಸಾಡಿ ಎದ್ದು, ಹಜಾರ, ಅಡುಗೆಮನೆ, ಮಹಡಿಯೆಲ್ಲ ಹುಡುಕಿ ಅಮ್ಮ ಸರಿಯಾಗಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಬಂದಳು. ನನಗೆ ಅಳು ತಡೆಯಲಾಗಲಿಲ್ಲ.

ಈಗ ಇಬ್ಬರ ಕೂದಲೂ ಬೆಳ್ಳಗಾಗಿದೆ. ಮೊನ್ನೆ ಬೆಳಗ್ಗೆ ಅತಿಥಿಗಳೆಲ್ಲ ಹೋದ ಮೇಲೆ ಅಮ್ಮ ಕೈ ಒರೆಸಿಕೊಳ್ಳುತ್ತ ಅಂಗಡಿಗೆ ಬಂದು ಅತ್ತೆಯ ಎದುರು ಕೂತಳು. ಕೇಳುವ ಎಡಗಿವಿಯನ್ನು ಅವಳ ಕಡೆ ತಿರುಗಿಸಿಕೊಂಡಳು.

"ನೋಡಮ್ಮಾ, ಹೊಸ ಚಿತ್ರ ಒಂದು ಮಾಡೋಣ್ವಾ?" ಅಂದಳು.

ಅತ್ತೆಯ ಕೈಯಿಂದ ಲಕೋಟೆ ಬಿತ್ತು. ಸ್ಟೂಲು ಉರುಳುವಂತೆ ಎದ್ದು ಬಂದಳು. ಅಮ್ಮನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು. ಕೂದಲು ಬಿಡಿಸಿ ನೆತ್ತಿ ಸವರಿದಳು, ಎರಡೂ ಮಣಿಕಟ್ಟು ಒತ್ತಿ ನೋಡಿದಳು, ಸೆರಗು ಸರಿಸಿ ಭುಜ ನೋಡಿದಳು.

"ಯಾರು ಹೊಡೆದ್ರು ಅತ್ತಿಗೆ?"

"ಯಾರೂ ಹೊಡೀಲಿಲ್ಲ ಕಣೇ" ಅಂದಳು ಅಮ್ಮ. "ಸುಮ್ಮನೆ. ಚೆನ್ನಾಗಿರುತ್ತೆ ಅಂತ."

ಅತ್ತೆ ಅವಳ ಮಣಿಕಟ್ಟನ್ನು ಬಿಡಲಿಲ್ಲ. ನಂಬಿಕೆ ಬಾರದವಳ ಹಾಗೆ ನನ್ನ ಕಡೆ ತಿರುಗಿದಳು. ನಾನು ಹೌದು ಅತ್ತೆ, ಯಾರೂ ಹೊಡೆದಿಲ್ಲ ಅಂದೆ. ಅವಳು ಅಲ್ಲೇ ನೆಲದ ಮೇಲೆ ಕೂತು, ಅಮ್ಮನ ಮಡಿಲಿಗೆ ಮುಖ ಒತ್ತಿ, ಮೇಜಿನ ಮೇಲೆ ಕೂತಿದ್ದ ಆ ಚಿಕ್ಕ ಹುಡುಗಿ ಅಳಬೇಕಾಗಿದ್ದ ಅಳುವನ್ನೆಲ್ಲ ಅತ್ತಳು. ಅಮ್ಮ ಅವಳ ಕೂದಲಿನಿಂದ ಕಾಗದದ ಚೂರುಗಳನ್ನು ಒಂದೊಂದೇ ಆರಿಸಿ ತೆಗೆಯುತ್ತ, ನಿನಗೆ ಯಾವುದು ಬೇಕು ಹೇಳು ಎಂದು ಕೇಳಿದಳು.